ಒಂದು ಗಂಟೆ ತಡೆಯುವ ಪೆಟ್ಟಿಗೆ

ನಮ್ಮ ಬೀದಿಯ ಬಾವಿಗೆ ಪುರಸಭೆಯವರು ಚಪ್ಪಡಿ ಮುಚ್ಚಿದ ವರ್ಷವೇ ನಾನು ಪೆಟ್ಟಿಗೆ ಹುಡುಕಲು ಹೊರಟದ್ದು. ಅಲ್ಲಿಯವರೆಗೆ ನಮಗೆ ಪೆಟ್ಟಿಗೆ ಬೇಕಾಗಿರಲಿಲ್ಲ. ಶಿವರಾತ್ರಿ ಕಳೆದು ಬಿಸಿಲು ಬಲಿಯುವ ಹೊತ್ತಿಗೆ ಬೀದಿಯ ಇಪ್ಪತ್ಮೂರು ಮನೆಯವರೂ ತಮ್ಮ ತಮ್ಮ ಕಾಗದಗಳನ್ನು ತಾಮ್ರದ ಚೊಂಬಿಗೆ ತುಂಬಿ, ಬಾಯಿಗೆ ಅರಗು ಮೆತ್ತಿ, ಹಗ್ಗ ಕಟ್ಟಿ ಬಾವಿಗೆ ಇಳಿಬಿಡುತ್ತಿದ್ದರು. ಗುರುತಿಗೆ ಹಗ್ಗದ ತುದಿಯಲ್ಲಿ ಒಂದೊಂದು ಬಣ್ಣದ ಬಟ್ಟೆಚೂರು. ನಮ್ಮದು ನೀಲಿ. ಬೆಂಕಿ ಮನೆಗೆ ಬರುತ್ತದೆಯೇ ಹೊರತು ಬಾವಿಗೆ ಇಳಿಯುವುದಿಲ್ಲ. ಮೊದಲ ಮಳೆ ಬಿದ್ದ ಮೇಲೆ ಚೊಂಬು ಮೇಲೆತ್ತಿ, ಅರಗು ಒಡೆದು, ಕಾಗದವನ್ನು ಬೀರುವಿಗೆ ಸೇರಿಸಿದರೆ ಆ ವರ್ಷದ ಚಿಂತೆ ಮುಗಿಯಿತು.

ಬೆಂಕಿ ಬರುವುದು ಹಗಲಿನಲ್ಲೇ. ವರ್ಷಕ್ಕೆ ಒಂದು ಸಲ, ಪ್ರತಿ ಮನೆಗೂ, ಶಿವರಾತ್ರಿಗೂ ಮೊದಲ ಮಳೆಗೂ ನಡುವೆ ಯಾವತ್ತಾದರೂ ಒಂದು ದಿನ. ಮುಂಬಾಗಿಲಿನಿಂದಲೇ ಬರುತ್ತದೆ, ಹಿತ್ತಿಲಿನಿಂದ ನುಗ್ಗಿದ್ದನ್ನು ಯಾರೂ ಕಂಡಿಲ್ಲ. ಮರ, ಬಟ್ಟೆ, ದವಸ, ದನ, ಜನ ಯಾವುದನ್ನೂ ಸುಡುವುದಿಲ್ಲ. ಅದಕ್ಕೆ ಬೇಕಾದದ್ದು ಕಾಗದ. ಹೊಸ್ತಿಲ ಒಳಗೆ ಹಿತ್ತಾಳೆ ತಟ್ಟೆಯಲ್ಲಿ ಹಳೆ ಕ್ಯಾಲೆಂಡರು, ಮದುವೆ ಕರೆಯೋಲೆ, ಬರೆದು ಮುಗಿದ ನೋಟುಪುಸ್ತಕ ಇಟ್ಟಿರುತ್ತೇವೆ. ಬಂದವರಿಗೆ ಮೊದಲು ಏನಾದರೂ ಕೊಡಬೇಕಲ್ಲ. ತಟ್ಟೆಯದನ್ನು ತಿಂದ ಮೇಲೆ ಅದು ಮನೆಯೆಲ್ಲ ಹುಡುಕುತ್ತದೆ. ಕಾಗದದ ವಾಸನೆ ಸಿಕ್ಕ ಕಡೆ ಕೂತುಬಿಡುತ್ತದೆ. ಕಬ್ಬಿಣದ ಬೀರುವಾದರೂ ಸರಿ, ಅದರ ಮೇಲೆ ಕೂತು ಒಳಗಿನದು ಬೂದಿಯಾಗುವ ತನಕ ಕಾಯಿಸುತ್ತದೆ. ಒಟ್ಟು ಒಂದು ಗಂಟೆ, ಹೆಚ್ಚೆಂದರೆ ಮತ್ತೈದು ನಿಮಿಷ. ಆಮೇಲೆ ಬಂದ ದಾರಿಯಲ್ಲೇ ಹೋಗುತ್ತದೆ. ಅಷ್ಟು ಹೊತ್ತು ಮನೆಯವರು ಜಗಲಿಯಲ್ಲಿ ಕೂತಿರುತ್ತಾರೆ, ಅಕ್ಕಪಕ್ಕದವರು ಮಜ್ಜಿಗೆ ತಂದುಕೊಡುತ್ತಾರೆ.

ಸುಟ್ಟುಹೋದ ಕಾಗದಕ್ಕೆ ನಕಲು ಸಿಗುವುದಿಲ್ಲ. ಕಾಗದದ ಕಚೇರಿಗೆ ಬೆಂಕಿ ವರ್ಷಕ್ಕೆ ಎರಡು ಸಲ ಬರುವುದರಿಂದ ಅವರು ಅಲ್ಲಿ ಏನನ್ನೂ ಇಟ್ಟುಕೊಳ್ಳುವುದಿಲ್ಲ. ನಮ್ಮ ಊರಿನ ಕಾನೂನು ಇಷ್ಟೇ: ಕಾಗದ ಸುಟ್ಟರೆ ವಿಷಯ ಮುಗಿದಂತೆ, ಮತ್ತೆ ಕೇಳಿ ಬರೆಯಬೇಕು. ಮನೆ ಪತ್ರ ಸುಟ್ಟರೆ ಅಕ್ಕಪಕ್ಕದವರನ್ನು ಕರೆಸಿ ಈ ಮನೆ ಯಾರದು ಅಂತ ಕೇಳುತ್ತಾರೆ. ಹುಟ್ಟಿದ ಕಾಗದ ಸುಟ್ಟರೆ ಯಾವಾಗ ಹುಟ್ಟಿದೆ ಅಂತ ನಮ್ಮನ್ನೇ ಕೇಳುತ್ತಾರೆ. ಮೂಲೆಮನೆಯ ಹುಲ್ಲಪ್ಪಜ್ಜ ತಮಾಷೆಗೆ ಈಗ ತಾನೇ ಅಂದುಬಿಟ್ಟ. ಅದನ್ನೇ ಬರೆದರು. ಅಜ್ಜನಿಗೆ ಈಗ ನಾಲ್ಕು ವರ್ಷ, ಪ್ರತಿ ಸಲ ಲಸಿಕೆ ಹಾಕುವವರು ಬಂದಾಗ ಅವನೂ ಸಾಲಿನಲ್ಲಿ ನಿಂತು ಬಾಯಿ ತೆರೆಯುತ್ತಾನೆ.

ಮದುವೆ ಕಾಗದ ಸುಟ್ಟರೆ ಗಂಡ ಹೆಂಡತಿ ಇಬ್ಬರೂ ಹದಿನೈದು ದಿನದೊಳಗೆ ಕಚೇರಿಗೆ ಹೋಗಬೇಕು. ಒಬ್ಬೊಬ್ಬರನ್ನೇ ಒಳಗೆ ಕರೆದು, ಇವರ ಜೊತೆ ಇರಲು ಒಪ್ಪಿಗೆಯೇ ಅಂತ ಕೇಳುತ್ತಾರೆ. ಆ ಹದಿನೈದು ದಿನ ಒಬ್ಬರು ಇನ್ನೊಬ್ಬರ ಹತ್ತಿರ ಆ ಮಾತು ಎತ್ತಕೂಡದು. ಹೋಗದಿದ್ದರೆ ಇಲ್ಲ ಅಂತಲೇ ಅರ್ಥ. ಹಿಂದಿನ ಬೀದಿಯ ಡ್ರಾಯಿಂಗ್ ಮೇಷ್ಟ್ರ ಮನೆಯಲ್ಲಿ ಹಾಗೇ ಆಯಿತು. ಮೇಷ್ಟ್ರು ಹೂಂ ಅಂದರು, ಹೆಂಡತಿ ಊಹೂಂ ಅಂದರು. ಜಗಳವಿಲ್ಲ, ಬೈಗುಳವಿಲ್ಲ. ಆಕೆ ನಮ್ಮ ಬೀದಿಯಲ್ಲೊಂದು ಮನೆಗೆ ಬಾಡಿಗೆಗೆ ಬಂದರು. ಈಗಲೂ ಸಾರು ಚೆನ್ನಾಗಿ ಆದ ದಿನ ಮೇಷ್ಟ್ರಿಗೆ ಒಂದು ಪಾತ್ರೆ ಕಳಿಸುತ್ತಾರೆ. ಆ ಸಾರಿನ ಪಾತ್ರೆ ನಮ್ಮ ಮನೆ ಮುಂದೆ ಹಾದುಹೋದಾಗಲೆಲ್ಲ ನಾನು ಜಗಲಿಯಿಂದ ಎದ್ದು ಒಳಗೆ ಹೋಗುತ್ತಿದ್ದೆ.

ಯಾಕೆ ಅಂತ ಹೇಳಿಬಿಡುತ್ತೇನೆ, ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ನನಗೆ ನಿಶ್ಚಯವಾಗಿದ್ದದ್ದು ನನ್ನ ಹೆಂಡತಿ ಹನುಮಕ್ಕನ ಅಕ್ಕ. ಮದುವೆಯ ದಿನ ಬೆಳಿಗ್ಗೆ ಆಕೆ ಬಾಗಿಲು ಹಾಕಿಕೊಂಡು ಕೂತಳು, ನನಗೆ ಈ ಗಂಡು ಬೇಡ ಅಂದಳು. ಹಿರಿಯರು ಗೋಗರೆದರು, ಗದರಿದರು, ಬಾಗಿಲು ತೆಗೆಯಲಿಲ್ಲ. ಚಪ್ಪರ ಹಾಕಿಯಾಗಿದೆ, ನೆಂಟರು ಬಂದಿದ್ದಾರೆ. ನಮ್ಮ ಮಾವ ಒಂದು ಗಳಿಗೆ ತಲೆ ತಗ್ಗಿಸಿ ಕೂತಿದ್ದು, ಎದ್ದು, ಕಿರಿಯವಳನ್ನು ತಯಾರು ಮಾಡಿ ಅಂದರು. ಹತ್ತೊಂಬತ್ತು ವರ್ಷದ ಹನುಮಕ್ಕ ಆಗ ಹಿತ್ತಿಲಿನಲ್ಲಿ ಬಾಳೆಎಲೆ ತೊಳೆಯುತ್ತಿದ್ದಳಂತೆ. ಹಸೆಮಣೆಯ ಮೇಲೆ ಅವಳ ಕೈ ಹಿಡಿದಾಗ ಅದು ಇನ್ನೂ ಒದ್ದೆಯಾಗಿತ್ತು. ಬಾವಿ ಮುಚ್ಚುವ ಹೊತ್ತಿಗೆ ಅದಾಗಿ ಇಪ್ಪತ್ತೆಂಟು ವರ್ಷವಾಗಿತ್ತು. ಅವಳು ಒಂದು ದಿನವೂ ಆ ಮಾತು ಆಡಲಿಲ್ಲ, ನಾನೂ ಆಡಲಿಲ್ಲ. ಆದರೆ ಕಚೇರಿಯವರು ಅವಳನ್ನು ಆ ಪ್ರಶ್ನೆ ಕೇಳಬಾರದು ಅಂತ ನಾನು ಪ್ರತಿ ವರ್ಷ ನೀಲಿ ಬಟ್ಟೆಯ ಹಗ್ಗದ ಗಂಟನ್ನು ಎರಡೆರಡು ಸಲ ಎಳೆದು ನೋಡುತ್ತಿದ್ದೆ.

ಬಾವಿ ಮುಚ್ಚಿದ ಮೇಲೆ ಹಗ್ಗವೂ ಹೋಯಿತು, ಚೊಂಬು ನೀರು ಕುಡಿಯಲು ಬಂತು. ನಾನು ಅವತ್ತೇ ತೀರ್ಮಾನ ಮಾಡಿದೆ. ಈ ಊರಿನಲ್ಲಿ ಸಿಗುವುದರಲ್ಲೆಲ್ಲ ಗಟ್ಟಿಯಾದ ಪೆಟ್ಟಿಗೆಯನ್ನು ತರುವುದು, ಮಾರುವವನ ಮಾತು ನಂಬದೆ ನನ್ನ ಕೈಯಾರೆ ಸುಟ್ಟು ನೋಡಿಯೇ ತರುವುದು. ನಾನು ಇಸ್ತ್ರಿ ಮಾಡುವವನು. ಬಸ್ ನಿಲ್ದಾಣದ ಪಕ್ಕದ ತಳ್ಳುಗಾಡಿಯಲ್ಲಿ ಮೂವತ್ತು ವರ್ಷ ಇಸ್ತ್ರಿ ಪೆಟ್ಟಿಗೆಯೊಳಗೆ ಕೆಂಡ ತುಂಬಿ ಬಟ್ಟೆ ಉಜ್ಜಿದ್ದೇನೆ. ಶಾಖ ಎಷ್ಟಾದರೆ ಬಿಳಿ ಮಲ್ಲು ಬಟ್ಟೆ ಹಳದಿಯಾಗುತ್ತದೆ, ಎಷ್ಟಾದರೆ ಕಂದುತ್ತದೆ ಅನ್ನುವುದನ್ನು ಥರ್ಮಾಮೀಟರಿಗಿಂತ ಚೆನ್ನಾಗಿ ಹೇಳಬಲ್ಲೆ. ಬೆಂಕಿಯ ವಿಷಯದಲ್ಲಿ ನನಗೆ ಯಾರೂ ಟೋಪಿ ಹಾಕುವುದು ಸಾಧ್ಯವಿರಲಿಲ್ಲ.

ಮೊದಲು ಹೋದದ್ದು ಪೆಟ್ಟಿಗೆ ಬೀದಿಯ ದೊಡ್ಡ ಅಂಗಡಿಗೆ. ಹೆಸರು ಅಭಯ ಭಂಡಾರ. ಗಾಜಿನ ಬಾಗಿಲು, ಒಳಗೆ ಕೆಂಪು ಪೆಟ್ಟಿಗೆ, ಹಸಿರು ಪೆಟ್ಟಿಗೆ, ಮುಚ್ಚಳದ ಮೇಲೆ ಹುಲಿಯ ಚಿತ್ರ ಇರುವ ಪೆಟ್ಟಿಗೆ. ಮಾಲೀಕ ಪ್ರಭಾಕರ ಗಂಧ ಇಟ್ಟುಕೊಂಡು, ತುಂಬುತೋಳಿನ ಅಂಗಿ ಹಾಕಿಕೊಂಡು ಕೂತಿದ್ದ. ಆ ಅಂಗಿ ನಾನೇ ಇಸ್ತ್ರಿ ಮಾಡಿದ್ದು.

"ಬನ್ನಿ ಚೆನ್ನಿಗಪ್ಪೋರೆ. ಇದು ನೋಡಿ, ಉಕ್ಕು. ಉಕ್ಕು ಸುಡುತ್ತಾ ಎಲ್ಲಾದ್ರೂ?"

"ಉಕ್ಕು ಸುಡಲ್ಲ ಸ್ವಾಮಿ. ಉಕ್ಕಿನ ಒಳಗಿರೋದು ಸುಡುತ್ತೆ," ಅಂದೆ. "ನನ್ನ ಇಸ್ತ್ರಿ ಪೆಟ್ಟಿಗೇನೂ ಸುಡಲ್ಲ. ಆದ್ರೆ ಮೂವತ್ತು ವರ್ಷದಿಂದ ಅದ್ರ ಶಾಖ ಹೊರಗೆ ಬರ್ತಾನೇ ಇದೆ. ನಿಮ್ದ್ರಲ್ಲಿ ಹೊರಗಿನ ಶಾಖ ಒಳಗೆ ಹೋಗಲ್ಲ ಅಂತ ಹೆಂಗೆ ನಂಬ್ಲಿ? ಒಂದು ಚಿಕ್ಕದು ಕೊಡಿ, ಸುಟ್ಟು ನೋಡಿ ವಾಪಸ್ ತಂದ್ಕೊಡ್ತೀನಿ."

"ನೀವು ಸುಟ್ಟು ನೋಡಿದ್ಮೇಲೆ ನಾನು ಅದನ್ನ ಯಾರಿಗೆ ಮಾರ್ಲಿ?" ಅಂತ ಪ್ರಭಾಕರ ನಕ್ಕ.

ಸರಿ, ದುಡ್ಡು ಕೊಟ್ಟೇ ಒಂದು ಚಿಕ್ಕದನ್ನು ತಂದೆ. ಅದರೊಳಗೆ ಒಂದು ಹಳೆ ಪಂಚಾಂಗದ ಹಾಳೆ, ಅದರ ಪಕ್ಕ ಒಂದು ಬಿಳಿ ಮಲ್ಲಿನ ಪಟ್ಟಿ ಇಟ್ಟು, ಬೀಗ ಹಾಕಿ, ಇದ್ದಿಲು ಒಲೆಯ ನಡುವೆ ಕೂರಿಸಿ ಸುತ್ತ ಕೆಂಡ ಒಟ್ಟಿದೆ. ಹತ್ತು ನಿಮಿಷಕ್ಕೆ ಹುಲಿಯ ಚಿತ್ರ ಹೋಯಿತು. ಇಪ್ಪತ್ತು ನಿಮಿಷಕ್ಕೆ ಹೊರತೆಗೆದು, ಆರಿಸಿ, ಮುಚ್ಚಳ ತೆರೆದೆ. ಪಂಚಾಂಗದ ಹಾಳೆ ಚೆನ್ನಾಗಿ ಸುಟ್ಟ ಹಪ್ಪಳದ ಬಣ್ಣಕ್ಕೆ ಬಂದಿತ್ತು, ಮುಟ್ಟಿದರೆ ಪುಡಿ. ಮಲ್ಲಿನ ಪಟ್ಟಿ ಕಂದಿ ಹೋಗಿತ್ತು. ಹನುಮಕ್ಕ ಮೊರದಲ್ಲಿ ಅಕ್ಕಿ ಹಿಡಿದುಕೊಂಡು ಬಂದು ನಿಂತು ನೋಡಿದಳು.

"ಯಾವ ಕಾಗದಕ್ಕೆ ಇಷ್ಟೊಂದು ಒದ್ದಾಟ?" ಅಂತ ಕೇಳಿದಳು.

"ಮನೆ ಪತ್ರ ಇದೆಯಲ್ಲ," ಅಂದೆ.

"ಮನೆ ಪತ್ರ ಸುಟ್ರೆ ಅಕ್ಕಪಕ್ಕದೋರು ಹೇಳ್ತಾರೆ, ಇದು ಇಸ್ತ್ರಿ ಚೆನ್ನಿಗಪ್ಪನ ಮನೆ ಅಂತ. ಇಡೀ ಬೀದಿಗೇ ಗೊತ್ತು."

ನಾನು ಕೆಂಡ ಕೆದಕುತ್ತಾ ಕೂತೆ. ಅವಳು ಅಕ್ಕಿಯಲ್ಲಿ ಸಿಕ್ಕ ಕಲ್ಲೊಂದನ್ನು ಆಚೆ ಎಸೆದು ಒಳಗೆ ಹೋದಳು.

ಮಾರನೇ ದಿನದಿಂದ ಗಾಡಿಯ ಕೆಲಸ ಮುಗಿಸಿ ದಿನಾ ಒಂದೊಂದು ಅಂಗಡಿ ಹತ್ತಿದೆ. ಒಬ್ಬ ಎರಡು ಪೆಟ್ಟಿಗೆ ಒಂದರೊಳಗೊಂದು ಇಡಿ ಅಂದ. ಅದನ್ನೂ ಸುಟ್ಟು ನೋಡಿದೆ, ಇಪ್ಪತ್ತರ ಬದಲು ಮೂವತ್ತು ನಿಮಿಷ ತಡೆಯಿತು, ಅಷ್ಟೇ. ಇನ್ನೊಬ್ಬ ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸಿ ಅಂದ. ಮೇಲಿನ ಬೀದಿಯಲ್ಲಿ ಒಬ್ಬರು ಹಾಗೆ ಮಾಡಿಸಿ ಪೆಟ್ಟಿಗೆಯಲ್ಲಿಟ್ಟದ್ದು ನನಗೆ ಗೊತ್ತಿತ್ತು. ಬೆಂಕಿ ಹೋದ ಮೇಲೆ ತೆಗೆದರೆ ಮನೆ ಪತ್ರ, ಪಡಿತರ ಚೀಟಿ, ಮಗನ ಮಾರ್ಕ್ಸ್ ಕಾರ್ಡು ಮೂರೂ ಕರಗಿ ಒಂದಕ್ಕೊಂದು ಅಂಟಿ ಬೆಲ್ಲದ ಅಚ್ಚಿನಂತೆ ಒಂದೇ ಮುದ್ದೆಯಾಗಿದ್ದವು. ಕಚೇರಿಯವರು ಆ ಮುದ್ದೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಇದು ಯಾವ ಕಾಗದ ಅಂತ ಬರೆದುಕೊಳ್ಳಲಿ ಅಂತ ಕೇಳಿದರಂತೆ. ಒಂದು ವಾರದಲ್ಲಿ ನಾಲ್ಕು ಪೆಟ್ಟಿಗೆ ಸುಟ್ಟೆ. ಬಸ್ ನಿಲ್ದಾಣದಲ್ಲಿ ಜನ ನನ್ನ ಗಾಡಿಯ ಹತ್ತಿರ ನಿಂತು, ಇವತ್ತು ಯಾವ ಪೆಟ್ಟಿಗೆ ಬೇಯಿಸ್ತೀರಿ ಅಂತ ಕೇಳತೊಡಗಿದರು. ಕೇಳಲಿ ಅಂತ ಬಿಟ್ಟೆ.

ಕೊನೆಗೆ ಬೀದಿಯ ತುದಿಯಲ್ಲಿ ಟ್ರಂಕು ಮಾಡುವ ಗೌಸ್ ಸಾಹೇಬರ ಹತ್ತಿರ ಹೋದೆ. ಅವರ ಅಂಗಡಿಗೆ ಹೆಸರಿಲ್ಲ, ಬಣ್ಣವಿಲ್ಲ. ನೆಲದ ಮೇಲೆ ಕೂತು ತಗಡು ಬಡಿಯುತ್ತಿದ್ದರು. ನಾನು ಸುಟ್ಟ ನಾಲ್ಕು ಪೆಟ್ಟಿಗೆಯ ಕಥೆಯನ್ನೂ ಸುತ್ತಿಗೆ ಕೆಳಗಿಡದೆ ಕೇಳಿದರು.

"ನೀವು ಎಲ್ಲಾ ಕಡೆ ದಪ್ಪ ನೋಡಿದ್ರಿ," ಅಂದರು. "ದಪ್ಪ ಅಲ್ಲ ನೋಡೋದು. ಎರಡು ತಗಡಿನ ಮಧ್ಯೆ ಏನಿದೆ ಅಂತ ನೋಡ್ಬೇಕು."

ಒಂದು ಪೆಟ್ಟಿಗೆಯ ಪಕ್ಕೆ ಬಿಚ್ಚಿ ತೋರಿಸಿದರು. ಹೊರಗೊಂದು ತಗಡು, ಒಳಗೊಂದು ತಗಡು, ನಡುವೆ ನಾಲ್ಕು ಬೆರಳು ಅಗಲ ಬಿಳಿಯದೇನೋ ಗಟ್ಟಿಯಾಗಿ ತುಂಬಿತ್ತು. ಸೀಮೆಸುಣ್ಣದ ಕಡ್ಡಿ ಮಾಡುವ ಪುಡಿಯಂತೆ, ನೀರಿನಲ್ಲಿ ಕಲಸಿ ಹೊಯ್ದದ್ದು. ಅದು ಕುಡಿದ ನೀರನ್ನು ಸುಲಭವಾಗಿ ಬಿಡುವುದಿಲ್ಲವಂತೆ. ಬೆಂಕಿ ಮೇಲೆ ಕೂತಾಗ ಸ್ವಲ್ಪ ಸ್ವಲ್ಪವೇ ಬೆವರುತ್ತದೆ, ಆ ಬೆವರು ಇರುವ ತನಕ ಒಳಗೆ ಕಾಗದ ಸುಡುವಷ್ಟು ಶಾಖ ಏರುವುದಿಲ್ಲ. ಒಣಗಿದ ಬಟ್ಟೆಗೂ ನೀರು ಚಿಮುಕಿಸಿದ ಬಟ್ಟೆಗೂ ಇಸ್ತ್ರಿ ತಗಲುವ ರೀತಿ ಬೇರೆ ಅಂತ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆ ಮಾತು ಕೇಳಿದ ಕೂಡಲೇ ನನ್ನ ಮನಸ್ಸು ಅಲ್ಲಿಗೇ ನಿಂತಿತು. ಆದರೂ ಕೇಳಬೇಕಾದದ್ದನ್ನು ಕೇಳಿಯೇಬಿಟ್ಟೆ.

"ಒಳಗೆ ತೇವ ಆಗಲ್ವಾ?"

"ಆಗುತ್ತೆ. ಮೇಣದ ಬಟ್ಟೆ ಚೀಲ ಹೊಲಿಸಿ, ಅದ್ರಲ್ಲಿಡಿ. ಪ್ಲಾಸ್ಟಿಕ್ ಬೇಡ."

"ಮುಚ್ಚಳದ ಸಂದೀಲಿ ನುಗ್ಗಿದ್ರೆ?"

"ನೋಡಿ, ಸಂದು ನೇರ ಇಲ್ಲ. ಮೆಟ್ಟಿಲು ಮೆಟ್ಟಿಲು ಇದೆ. ಅದು ಒಳಗೆ ಹೋಗೋಕೆ ಮೂರು ಸಲ ತಿರುಗ್ಬೇಕು."

"ಎಷ್ಟು ಹೊತ್ತು ತಡಿಯುತ್ತೆ?"

"ಒಂದು ಗಂಟೆ. ಮೇಲೆ ಹತ್ತು ನಿಮಿಷ ನಂದು, ನಿಮಗೋಸ್ಕರ. ಒಂದು ಮಾತು ನೆನಪಿಟ್ಕೊಳ್ಳಿ. ಬೆಂಕಿ ಹೋದ ತಕ್ಷಣ ತೆಗೀಬೇಡಿ. ಬಿಸಿ ಕಾಗದಕ್ಕೆ ಗಾಳಿ ಸಿಕ್ರೆ ಕಣ್ಮುಂದೇನೇ ಹೊತ್ಕೊಳ್ಳುತ್ತೆ. ಹೊರಗಿನ ತಗಡು ಕೈಗೆ ತಣ್ಣಗಾದ್ಮೇಲೂ ಒಂದು ಗಂಟೆ ಬಿಡಿ. ಎಷ್ಟೋ ಜನ ಪೆಟ್ಟಿಗೆ ಗೆದ್ದಿದ್ದನ್ನ ಕೈಯಾರೆ ಸೋತಿದ್ದಾರೆ."

ಹೊರಗಿನ ತಗಡು ನೆಗ್ಗಿ ಮೂಲೆಗೆ ಸೇರಿದ್ದ ಒಂದು ಪೆಟ್ಟಿಗೆಯನ್ನು ಸುಟ್ಟು ನೋಡಲು ಅವರೇ ಕೊಟ್ಟರು. ಬೇಕರಿಯ ಒಲೆ ಖಾಲಿಯಿದ್ದ ಮಧ್ಯಾಹ್ನ ಅದನ್ನು ಒಳಗಿಟ್ಟು, ಎಪ್ಪತ್ತು ನಿಮಿಷ ಎದುರಿಗೇ ಕೂತೆ. ತಣಿದ ಮೇಲೆ ತೆರೆದಾಗ ಪಂಚಾಂಗದ ಹಾಳೆ ಸ್ವಲ್ಪ ಸುರುಟಿತ್ತು, ಅಕ್ಷರ ಒಂದೂ ಹೋಗಿರಲಿಲ್ಲ. ಮಲ್ಲಿನ ಪಟ್ಟಿ ನಾನು ಇಟ್ಟಾಗ ಎಷ್ಟು ಬೆಳ್ಳಗಿತ್ತೋ ಅಷ್ಟೇ ಬೆಳ್ಳಗಿತ್ತು. ನನಗೆ ಆ ಬಟ್ಟೆಚೂರನ್ನು ಕಣ್ಣಿಗೊತ್ತಿಕೊಳ್ಳಬೇಕು ಅನ್ನಿಸಿತು.

ಹೊಸ ಪೆಟ್ಟಿಗೆಯನ್ನು ಇಬ್ಬರು ಹಮಾಲಿಗಳು ಹೊತ್ತು ತಂದರು. ಗೌಸ್ ಸಾಹೇಬರು ಜೊತೆಗೇ ಬಂದು, ಗೋಡೆಗೆ ತಾಗದಂತೆ ಅದನ್ನು ನಡುಮನೆಯ ಮೂಲೆಯಲ್ಲಿ ಕೂರಿಸಿ, ಎರಡು ಕೀಲಿಕೈ ನನ್ನ ಅಂಗೈಗೆ ಹಾಕಿದರು.

"ಒಂದು ನಿಮ್ಮ ಹತ್ರ. ಇನ್ನೊಂದು ಯಾರಿಗೆ?"

"ಇನ್ಯಾರಿಗೆ ಕೊಡ್ಲಿ, ಹನುಮಕ್ಕಂಗೇ," ಅಂದೆ. ಹನುಮಕ್ಕ ಅದನ್ನು ತೆಗೆದುಕೊಂಡು ಸೊಂಟದ ಚೀಲಕ್ಕೆ ಸೇರಿಸಿದಳು. ಮೇಣದ ಬಟ್ಟೆಯ ಚೀಲವನ್ನೂ ಅವಳೇ ಹೊಲಿದಳು, ಸಣ್ಣ ಸಣ್ಣ ಹೊಲಿಗೆ, ಎರಡು ಸುತ್ತು. ಅದರೊಳಗೆ ಮನೆ ಪತ್ರ, ಪಡಿತರ ಚೀಟಿ, ಹೊಳೆಯಾಚೆ ಮದುವೆಯಾಗಿ ಹೋದ ನಮ್ಮ ಮಗಳ ಹುಟ್ಟಿದ ಕಾಗದ, ಎಲ್ಲದರ ಕೆಳಗೆ ಮದುವೆ ಕಾಗದ ಇಟ್ಟು, ಒಂದು ಬಿಳಿ ಮಲ್ಲಿನ ಪಟ್ಟಿಯನ್ನೂ ಸೇರಿಸಿ ಬೀಗ ಹಾಕಿದೆ. ಅವತ್ತು ಶಿವರಾತ್ರಿಯ ಮಾರನೇ ದಿನ. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಗಂಟು ಎಳೆದು ನೋಡದೆ ಊಟಕ್ಕೆ ಕೂತೆ.

ಆ ವರ್ಷ ಬೆಂಕಿ ನಮ್ಮ ಬೀದಿಗೆ ತಡವಾಗಿ ಬಂತು. ಹುಲ್ಲಪ್ಪಜ್ಜನ ಮನೆಗೆ ಮೊದಲು ಹೋಯಿತು, ಅಲ್ಲಿಂದ ಒಂದೊಂದೇ ಮನೆ ಬಿಟ್ಟು ಬಿಟ್ಟು ಬರುತ್ತಿತ್ತು. ನಾನು ದಿನಾ ಬೆಳಿಗ್ಗೆ ಗಾಡಿಗೆ ಹೋಗುವ ಮುಂಚೆ ಹೊಸ್ತಿಲ ಒಳಗಿನ ತಟ್ಟೆಗೆ ಏನಾದರೂ ಸೇರಿಸುತ್ತಿದ್ದೆ. ಬಸ್ಸಿನ ಚೀಟಿಗಳು, ಬಟ್ಟೆ ಸುತ್ತಿ ಉಳಿದ ಪೇಪರು. ಒಂದು ದಿನ ಯಾರದೋ ನಾಮಕರಣದ ದಪ್ಪ ಕರೆಯೋಲೆ ಸಿಕ್ಕಿತು, ಅದನ್ನು ಎಲ್ಲದರ ಮೇಲೆ ಇಟ್ಟೆ. ತಟ್ಟೆಯಲ್ಲಿ ಹೆಚ್ಚಿದ್ದಷ್ಟೂ ಪೆಟ್ಟಿಗೆಯ ಮೇಲೆ ಕೂರುವ ಹೊತ್ತು ಕಡಿಮೆ ಅಂತ ನನ್ನ ಯೋಚನೆ.

ಒಂದು ಬುಧವಾರ ಹನ್ನೊಂದು ಗಂಟೆಯ ಹೊತ್ತಿಗೆ ಪಕ್ಕದ ಮನೆಯಾಕೆ ಗಾಡಿಯ ತನಕ ನಡೆದು ಬಂದು, "ಚೆನ್ನಿಗಪ್ಪಣ್ಣ, ನಿಮ್ಮನೆಗೆ ಬಂದಿದೆ," ಅಂದಳು. ಇಸ್ತ್ರಿ ಪೆಟ್ಟಿಗೆ ಎತ್ತಿಟ್ಟು ಹೋದೆ. ಹನುಮಕ್ಕ ಆಗಲೇ ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಬಾಗಿಲಿನಿಂದ ನೋಡಿದೆ. ತಟ್ಟೆ ಅದಾಗಲೇ ಖಾಲಿಯಾಗಿತ್ತು. ಬೆಂಕಿ ನಡುಮನೆಯಲ್ಲಿ ಒಂದು ಸುತ್ತು ಬಂದು, ಗೋಡೆಯ ಕ್ಯಾಲೆಂಡರು ತಿಂದು, ಮೂಲೆಗೆ ಹೋಗಿ ಪೆಟ್ಟಿಗೆಯ ಮೇಲೆ ಕೂತಿತು. ತಗಡು ಕೆಂಪಾಯಿತು. ನಾನು ಗಡಿಯಾರ ನೋಡುತ್ತಾ ಕೂತೆ. ಮಜ್ಜಿಗೆ ಬಂತು, ಕುಡಿದೆನೋ ಇಲ್ಲವೋ ನೆನಪಿಲ್ಲ. ಬಂದು ಒಂದು ಗಂಟೆ ಮೂರು ನಿಮಿಷಕ್ಕೆ ಬೆಂಕಿ ಎದ್ದು, ನಮ್ಮಿಬ್ಬರ ನಡುವೆಯೇ ಹಾದು, ಬೀದಿಗೆ ಇಳಿದು ಹೋಯಿತು.

ಗೌಸ್ ಸಾಹೇಬರ ಮಾತು ಮೀರಲಿಲ್ಲ. ತಗಡು ತಣ್ಣಗಾಗಲು ಎರಡು ಗಂಟೆ, ಆಮೇಲೆ ಇನ್ನೊಂದು ಗಂಟೆ, ಕೈ ಕಟ್ಟಿಕೊಂಡು ಪೆಟ್ಟಿಗೆಯ ಮುಂದೆ ಕೂತೆ. ಮಧ್ಯಾಹ್ನ ಮೂರೂವರೆಗೆ ಬೀಗ ತೆಗೆದೆ. ಚೀಲ ಸ್ವಲ್ಪ ತೇವವಾಗಿತ್ತು. ಮನೆ ಪತ್ರ ಹೊರತೆಗೆದೆ, ಬೆಳ್ಳಗಿತ್ತು. ಪಡಿತರ ಚೀಟಿ ಇತ್ತು, ಮಗಳ ಹುಟ್ಟಿದ ಕಾಗದ ಇತ್ತು, ಮಲ್ಲಿನ ಪಟ್ಟಿ ಇತ್ತು. ಅದರ ಕೆಳಗೆ ಏನೂ ಇರಲಿಲ್ಲ. ಚೀಲವನ್ನು ಒಳಗುಹೊರಗು ಮಾಡಿದೆ, ಪೆಟ್ಟಿಗೆಯ ತಳಕ್ಕೆ ಕೈ ಹಾಕಿ ತಡಕಿದೆ.

"ಅಲ್ಲಿಲ್ಲ," ಅಂದಳು ಹನುಮಕ್ಕ. ನನ್ನ ಹಿಂದೆ ನಿಂತಿದ್ದಳು. "ನಾನು ತೆಗೆದು ತಟ್ಟೇಲಿ ಇಟ್ಟಿದ್ದೆ. ಹನ್ನೆರಡು ದಿನ ಆಯ್ತು."

ಹನ್ನೆರಡು ದಿನ. ಹನ್ನೆರಡು ದಿನವೂ ನಾನು ಆ ತಟ್ಟೆಯ ಮುಂದೆ ಬಗ್ಗಿ ಎದ್ದಿದ್ದೆ. ಆ ನಾಮಕರಣದ ಕರೆಯೋಲೆಯನ್ನು ನಮ್ಮ ಮದುವೆ ಕಾಗದದ ಮೇಲೆ ನನ್ನ ಕೈಯಾರೆ ಹೊದಿಸಿದ್ದೆ. ನನಗೆ ಸಿಟ್ಟು ನೆತ್ತಿಗೇರಿತು. ನಾನು ಅವಳ ಮೇಲೆ ಹಾಗೆ ದನಿ ಎತ್ತಿದ್ದು ಅದೇ ಮೊದಲು.

"ತಲೆ ಕೆಟ್ಟಿದೆಯೇನೇ ನಿಂಗೆ? ಇಪ್ಪತ್ತೆಂಟು ವರ್ಷ ಉಳಿಸಿದ ಕಾಗದ ಅದು."

"ಉಳಿಸಿದ್ದು ನೀವು," ಅಂದಳು. ಅವಳ ದನಿ ಏರಲಿಲ್ಲ. "ಅವತ್ತು ಅಕ್ಕನ್ನ ಕೇಳಿದ್ರು. ಆಗಲ್ಲ ಅಂದ್ಲು, ಬಿಟ್ರು. ನಿಮ್ಮನ್ನ ಕೇಳಿದ್ರು, ಚಿಕ್ಕೋಳಾದ್ರೆ ಆಗ್ಬಹುದಾ ಅಂತ. ಆಗ್ಬಹುದು ಅಂದ್ರಿ. ಓಲಗದೋರನ್ನೂ ಕೇಳಿದ್ರು, ಸಂಜೆ ತನಕ ಇರ್ತೀರಾ ಅಂತ. ನನ್ನ ಯಾರೂ ಕೇಳ್ಲಿಲ್ಲ. ಪ್ರತಿ ವರ್ಷ ನೀವು ಆ ಹಗ್ಗ ಎಳೆದು ನೋಡ್ವಾಗೆಲ್ಲ ಅಂದ್ಕೋತಿದ್ದೆ, ಇದೊಂದು ಸಲ ಕಳಚಿ ಬೀಳ್ಲಿ ಅಂತ. ಬೀಳ್ಲಿಲ್ಲ. ನೀವು ಗಂಟು ಚೆನ್ನಾಗಿ ಹಾಕ್ತೀರಿ."

ಮಾವ ಬಂದು ಕೇಳಿದ್ದು, ನಾನು ಹೂಂ ಅಂದದ್ದು ನನಗೆ ಮರೆತೇ ಹೋಗಿತ್ತು. ಅಥವಾ ಮರೆತಿದ್ದೇನೆ ಅಂದುಕೊಂಡಿದ್ದೆ. ಆಗ ಹಿತ್ತಿಲಿಗೆ ಹೋಗಿ ಬಾಳೆಎಲೆ ತೊಳೆಯುವವಳನ್ನು ಒಂದು ಮಾತು ಕೇಳಲು ನನಗೆ ನೂರು ಹೆಜ್ಜೆಯೂ ಆಗುತ್ತಿರಲಿಲ್ಲ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು.

ಆಮೇಲಿನ ದಿನಗಳನ್ನು ಹೇಗೆ ಕಳೆದೆ ಅಂತ ಕೇಳಬೇಡಿ. ಕಾನೂನಿನ ಪ್ರಕಾರ ಕೇಳುವಂತಿಲ್ಲ, ಅವಳು ತಾನಾಗಿ ಹೇಳುವಂತಿಲ್ಲ. ಮೊದಲ ಮೂರು ದಿನ ಅವಳ ಮುಖ ನೋಡಿ ಉತ್ತರ ಊಹಿಸಲು ಹೋದೆ. ಸಾರಿಗೆ ಉಪ್ಪು ಸರಿಯಾಗಿದ್ದರೆ ಒಪ್ಪಿಗೆ ಇದೆ ಅನ್ನಿಸುತ್ತಿತ್ತು, ಮಗಳಿಗೆ ಉದ್ದನೆಯ ಫೋನು ಮಾಡಿದರೆ ಇಲ್ಲ ಅನ್ನಿಸುತ್ತಿತ್ತು. ನಾಲ್ಕನೇ ದಿನ ಈ ಆಟ ಸಾಕು ಅಂತ ನಿಲ್ಲಿಸಿದೆ. ಪೆಟ್ಟಿಗೆ ತಂದೇ ತರುತ್ತೇನೆ ಅಂತ ಹಟ ಹಿಡಿದವನು ನಾನೇ ತಾನೇ. ಅದೇ ಹಟವನ್ನು ಈ ಕಡೆ ತಿರುಗಿಸಿದೆ. ಅವಳ ಮನಸ್ಸು ಒಲಿಸಲು ಹೂವು ತರುವುದಿಲ್ಲ, ಸೀರೆ ತರುವುದಿಲ್ಲ, ಮಗಳಿಂದ ಹೇಳಿಸುವುದಿಲ್ಲ. ದಿನಾ ಹೇಗಿದ್ದೆನೋ ಹಾಗೇ ಇರುತ್ತೇನೆ. ಅವಳು ಉತ್ತರ ಹೇಳಬೇಕಾದದ್ದು ಆ ಮನುಷ್ಯನ ಬಗ್ಗೆಯೇ, ಹದಿನೈದು ದಿನದ ಮಟ್ಟಿಗೆ ಒಳ್ಳೆಯವನಾದವನ ಬಗ್ಗೆ ಅಲ್ಲ. ಇದಕ್ಕಿಂತ ಕಷ್ಟದ ಕೆಲಸ ನಾನು ಮಾಡಿಲ್ಲ.

ಹದಿನಾಲ್ಕನೇ ದಿನ ಬೆಳಿಗ್ಗೆ ಗಾಡಿಗೆ ಹೊರಟಾಗ ಹನುಮಕ್ಕ ತನ್ನ ಹಸಿರು ಅಂಚಿನ ಸೀರೆ ತಂದು ನನ್ನ ಬಟ್ಟೆಗಂಟಿನ ಮೇಲಿಟ್ಟಳು. "ನಾಳೆಗೆ ಬೇಕು," ಅಂದಳು, ಅಷ್ಟೇ. ಕಚೇರಿಗೆ ಬರುತ್ತಾಳೆ ಅಂತ ಗೊತ್ತಾಯಿತು. ಬಂದು ಏನು ಹೇಳುತ್ತಾಳೆ ಅಂತ ಗೊತ್ತಾಗಲಿಲ್ಲ. ಡ್ರಾಯಿಂಗ್ ಮೇಷ್ಟ್ರ ಹೆಂಡತಿಯೂ ಇಸ್ತ್ರಿ ಮಾಡಿದ ಸೀರೆಯುಟ್ಟೇ ಹೋಗಿದ್ದರು, ಅದನ್ನು ಮಾಡಿದವನೂ ನಾನೇ. ಆ ದಿನ ಬೇರೆ ಯಾರ ಬಟ್ಟೆಯನ್ನೂ ಮುಟ್ಟಲಿಲ್ಲ. ಒಂದು ಸೀರೆಗೆ ಇಡೀ ಬೆಳಗು ಹಿಡಿಯಿತು.

ಕಚೇರಿಯಲ್ಲಿ ಕೇಳುವವರು ಪಂಕಜಾಕ್ಷಿ ಮೇಡಂ. ನನ್ನನ್ನು ಮೊದಲು ಕರೆದರು. ಅವರು ಪ್ರಶ್ನೆ ಓದಿ ಮುಗಿಸುವ ಮುಂಚೆಯೇ ಒಪ್ಪಿಗೆ ಅಂದೆ. ಪೂರ್ತಿ ಕೇಳ್ರೀ ಅಂತ ಬೈದು, ಮತ್ತೆ ಓದಿ, ಬರೆದುಕೊಂಡು ಹೊರಗೆ ಕಳಿಸಿದರು. ಹನುಮಕ್ಕ ಒಳಗೆ ಹೋದಳು. ನಡುವೆ ಇದ್ದದ್ದು ಒಂದು ಪರದೆ. ನಾನು ಅದರ ಈಚೆ ಬೆಂಚಿನ ಮೇಲೆ ಕೂತಿದ್ದೆ, ಎಲ್ಲ ಕೇಳಿಸುತ್ತಿತ್ತು. ಮೇಡಂ ದಿನಾ ಓದಿ ಓದಿ ಬಾಯಿಪಾಠವಾದ ಪ್ರಶ್ನೆಯನ್ನು ಒಂದೇ ಉಸಿರಿನಲ್ಲಿ ಓದಿದರು.

"ಮೇಡಂ," ಅಂದಳು ಹನುಮಕ್ಕ, "ಪೆನ್ನು ಕೆಳಗಿಡಿ. ನನ್ನ ಮುಖ ನೋಡ್ಕೊಂಡು ಕೇಳಿ. ನಿಧಾನಕ್ಕೆ."

ಪೆನ್ನು ಮೇಜಿನ ಮೇಲೆ ಇಟ್ಟ ಸದ್ದು ಬಂತು. ಮೇಡಂ ನಿಧಾನವಾಗಿ ಕೇಳಿದರು, ಹನುಮಕ್ಕ, ಈ ಚೆನ್ನಿಗಪ್ಪನ ಜೊತೆ ಇರೋಕೆ ನಿಮಗೆ ಒಪ್ಪಿಗೆ ಇದೆಯೇನಮ್ಮ ಅಂತ. ಹನುಮಕ್ಕ ಕೂಡಲೇ ಮಾತಾಡಲಿಲ್ಲ. ಎಷ್ಟು ಹೊತ್ತು ಅಂತ ನಾನು ಗಡಿಯಾರ ನೋಡಲಿಲ್ಲ. ಕಾಯಲು ಬರುತ್ತದೆ ಅಂತ ನಾನು ಅಂದುಕೊಂಡಿದ್ದೆಲ್ಲ ಸುಳ್ಳು ಅಂತ ಮಾತ್ರ ಗೊತ್ತಾಯಿತು.

"ಹೂಂ," ಅಂದಳು. "ಇರ್ತೀನಿ. ಬರ್ಕೊಳ್ಳಿ."

ಹೊಸ ಕಾಗದ ಹಿಡಿದುಕೊಂಡು ಇಬ್ಬರೂ ನಡೆದು ಮನೆಗೆ ಬಂದೆವು. ನಾನು ಅಭ್ಯಾಸಬಲದಿಂದ ಪೆಟ್ಟಿಗೆಯ ಬೀಗಕ್ಕೆ ಕೈ ಹಾಕಿದೆ. ಹನುಮಕ್ಕ ನೋಡುತ್ತಾ ನಿಂತಳು. ಮನೆ ಪತ್ರ, ಪಡಿತರ ಚೀಟಿ, ಮಗಳ ಕಾಗದ ಒಳಗಿಟ್ಟು ಬೀಗ ಹಾಕಿದೆ. ಮದುವೆ ಕಾಗದವನ್ನು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಗೋಡೆಯ ಗೂಡಿನಲ್ಲಿ ದೇವರ ಪಟದ ಹಿಂದೆ ಸಿಕ್ಕಿಸಿದಳು.

ಇದಾಗಿ ನಾಲ್ಕು ವರ್ಷ ಆಯಿತು. ಪೆಟ್ಟಿಗೆ ಗಟ್ಟಿಯಾಗಿದೆ, ಯಾರಾದರೂ ಕೇಳಿದರೆ ಗೌಸ್ ಸಾಹೇಬರ ಹೆಸರನ್ನೇ ಹೇಳುತ್ತೇನೆ. ಶಿವರಾತ್ರಿಯ ಮಾರನೇ ದಿನ ಮದುವೆ ಕಾಗದವನ್ನು ಗೂಡಿನಿಂದ ತೆಗೆದು ತಟ್ಟೆಯಲ್ಲಿ ಎಲ್ಲದರ ಮೇಲೆ ಇಡುವವನು ಈಗ ನಾನೇ. ಅದರ ಮೇಲೆ ಬೇರೆ ಏನನ್ನೂ ಹೇರುವುದಿಲ್ಲ. ಬೆಂಕಿ ಬಂದು ಹೋದ ಮೇಲೆ ಪ್ರತಿ ಸಲವೂ ನನಗೆ ಅದೇ ಭಯ, ಒಂದು ಚೂರೂ ಕಡಿಮೆಯಾಗಿಲ್ಲ. ಹನುಮಕ್ಕ ಪ್ರತಿ ಸಲವೂ ಹದಿನಾಲ್ಕನೇ ದಿನದ ತನಕ ಯೋಚನೆ ಮಾಡುತ್ತಿದ್ದಳು. ಈ ವರ್ಷ ಹನ್ನೊಂದನೇ ದಿನಕ್ಕೇ ಹಸಿರು ಅಂಚಿನ ಸೀರೆಯನ್ನು ಇಸ್ತ್ರಿಗೆ ಕೊಟ್ಟಳು.